ಸ್ಪೇಸ್‌ಶಿಪ್ ಮಾಡೆಲ್ ಮೈಮೇಲೆ ಏನು ಅಂಟಿಸ್ಬೇಕು, ಎಲ್ಲಿ ಬೋಳಾಗೇ ಬಿಡ್ಬೇಕು

ಪ್ರಶ್ನೆ: ನಾನು ಮಂಡ್ಯದೋನು ಸರ್, ಡಿಪ್ಲೊಮಾ ಓದ್ತಿದ್ದೀನಿ. 1/144 ಸ್ಕೇಲಿನ ಒಂದು ಕಾರ್ಗೋ ಸ್ಪೇಸ್‌ಶಿಪ್ ಕಿಟ್ ತಗೊಂಡೆ, ಜೋಡಿಸಿದ್ರೆ 30 ಸೆಂ.ಮೀ. ಉದ್ದ ಬರುತ್ತೆ. ಮೈಯೆಲ್ಲ ಬೋಳು ಬೋಳು ಅನ್ನಿಸ್ತು, ಅದಕ್ಕೆ ಪೆನ್ ಕ್ಯಾಪ್, ರೀಫಿಲ್ ತುಂಡು, ಹಳೇ ಮೊಬೈಲ್ ಬೋರ್ಡಿನ ಚೂರು ಎಲ್ಲ ಫೆವಿಕ್ವಿಕ್ ಹಾಕಿ ಅಂಟಿಸ್ದೆ. ಅರ್ಧ ಬಿದ್ದೋಯ್ತು, ಉಳಿದಿದ್ದು ಕಸ ಮೆತ್ತಿದ ಹಾಗೆ ಕಾಣ್ತಿದೆ. ಹೊರಗಿಂದ ಮಾಡೆಲ್ ಮಾಡೋ ಸ್ಟೈರೀನ್ ಪ್ಲಾಸ್ಟಿಕ್ ಶೀಟ್ ತರಿಸೋಷ್ಟು ದುಡ್ಡಿಲ್ಲ. ಇದನ್ನ ಸರಿ ಮಾಡೋಕಾಗುತ್ತಾ?

ಉತ್ತರ: ಆಗುತ್ತೆ, ಖಂಡಿತ ಆಗುತ್ತೆ. ಆದ್ರೆ ನೀವು ಎರಡು ಬೇರೆ ಬೇರೆ ತೊಂದ್ರೆನ ಒಂದೇ ಅಂದ್ಕೊಂಡಿದ್ದೀರ. ಬಿದ್ದೋಗಿದ್ದು ಪ್ಲಾಸ್ಟಿಕ್ಕಿನ ಜಾತಿಯಿಂದ, ಕಸದ ಹಾಗೆ ಕಾಣ್ತಿರೋದು ಯೋಚನೆ ಮಾಡ್ದೆ ಅಂಟಿಸಿದ್ದರಿಂದ. ಮೊದಲನೇದು ಸುಲಭ, ಅದನ್ನ ಮೊದಲು ಮುಗಿಸೋಣ.

ನಿಮ್ಮ ಕಿಟ್ ಮಾಡಿರೋದು ಪಾಲಿಸ್ಟೈರೀನ್‌ನಲ್ಲಿ. ರೀಫಿಲ್, ಬಹಳಷ್ಟು ಪೆನ್ ಕ್ಯಾಪ್, ಬಾಟಲ್ ಮುಚ್ಚಳ, ಇಂಜೆಕ್ಷನ್ ಸಿರಿಂಜು ಇವೆಲ್ಲ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಇಲ್ಲಾ ಪಾಲಿಥೀನ್. ಅವುಗಳ ಮೇಲ್ಮೈಗೆ ಗಮ್ಮೂ ಹಿಡಿಯಲ್ಲ ಪೇಂಟೂ ನಿಲ್ಲಲ್ಲ, ಫೆವಿಕ್ವಿಕ್ ಹಾಕಿದ್ರೆ ಹಿಡಿದ ಹಾಗೆ ಮಾಡುತ್ತೆ, ಉಗುರಲ್ಲಿ ಎತ್ತಿದ್ರೆ ಟಪ್ ಅಂತ ಬಂದ್ಬಿಡುತ್ತೆ. ಯಾವ ತುಂಡು ಯಾವ ಜಾತಿ ಅಂತ ಗೊತ್ತು ಮಾಡ್ಕೊಳೋಕೆ ಲ್ಯಾಬ್ ಬೇಡ, ಎರಡು ಲೋಟ ನೀರು ಸಾಕು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಇನ್ನು ಕರಗಲ್ಲ ಅನ್ನೋವರೆಗೆ ಉಪ್ಪು ಹಾಕಿ ಕಲಸಿದ ನೀರು. ತುಂಡನ್ನ ಸಾದಾ ನೀರಿಗೆ ಹಾಕಿ, ಮೈಗೆ ಅಂಟಿರೋ ಗಾಳಿಗುಳ್ಳೆ ಬೆರಳಲ್ಲಿ ಒರೆಸಿ ನೋಡಿ. ತೇಲಿದ್ರೆ ಅದು ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್, ಪಕ್ಕಕ್ಕಿಡಿ. ಸಾದಾ ನೀರಲ್ಲಿ ಮುಳುಗಿ ಉಪ್ಪು ನೀರಲ್ಲಿ ತೇಲಿದ್ರೆ ಪಾಲಿಸ್ಟೈರೀನ್ ಅಥವಾ ಎಬಿಎಸ್ ಅನ್ನೋ ಇನ್ನೊಂದು ಗಟ್ಟಿ ಪ್ಲಾಸ್ಟಿಕ್ ಇರೋ ಸಾಧ್ಯತೆ ಜಾಸ್ತಿ, ಯಾಕಂದ್ರೆ ನೀರಿಂದು 1 ಅಂದ್ರೆ ಪಾಲಿಸ್ಟೈರೀನ್ ಸಾಂದ್ರತೆ 1.05, ಎಬಿಎಸ್ ಕೂಡ ಅದರ ಆಸುಪಾಸು, ಗಟ್ಟಿ ಉಪ್ಪು ನೀರು ಸುಮಾರು 1.2. ಎರಡರಲ್ಲೂ ಮುಳುಗಿದ್ರೆ ಪಿವಿಸಿ ಇರಬಹುದು, ಹಳೇ ಎಟಿಎಂ ಕಾರ್ಡ್ ಥರದ್ದು, ಅದಕ್ಕೆ ಫೆವಿಕ್ವಿಕ್ ಚೆನ್ನಾಗಿ ಹಿಡಿಯುತ್ತೆ. ಅಕ್ರಿಲಿಕ್ ಕೂಡ ಗಟ್ಟಿ ಉಪ್ಪು ನೀರಲ್ಲಿ ತೇಲೋಕೆ ನೋಡುತ್ತೆ, ಅದಕ್ಕೇ ಕೊನೇ ಪರೀಕ್ಷೆ ಅಂತ ತುಂಡಿನ ಅಂಚಿಗೆ ಒಂದು ಹನಿ ಮಾಡೆಲ್ ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಕೂಡಿಸೋ ಗಮ್ಮು) ಬಿಟ್ಟು ನೋಡಿ, ಮೆತ್ತಗಾಗಿ ಬೆರಳಿಗೆ ಅಂಟಂಟು ಅಂದ್ರೆ ನಿಮ್ಮ ಕೆಲಸಕ್ಕೆ ಬರುತ್ತೆ. (ಥರ್ಮಾಕೋಲಿಗೆ ಈ ಲೆಕ್ಕ ಹಿಡಿಯಲ್ಲ. ಅದೂ ಪಾಲಿಸ್ಟೈರೀನೇ, ಆದ್ರೆ ಒಳಗೆ ತುಂಬಿರೋದೆಲ್ಲ ಗಾಳಿ.)

ಶೀಟ್ ತರಿಸೋಕೆ ದುಡ್ಡಿಲ್ಲ ಅಂದ್ರಲ್ಲ, ನಿಮ್ಮ ಮನೇಲೇ ಶೀಟ್ ಇದೆ. ಹಳೇ ಸಿಡಿ ಡಬ್ಬಿಗಳಿದ್ಯಲ್ಲ, ಗಾಜಿನ ಹಾಗಿರೋದು, ಅದು ಪಾಲಿಸ್ಟೈರೀನ್. ಪೆಡಸು, ಕತ್ತರಿಸೋಕೆ ಹೋದ್ರೆ ಸೀಳುತ್ತೆ, ಸ್ಟೀಲ್ ಸ್ಕೇಲ್ ಇಟ್ಕೊಂಡು ಕಟ್ಟರಲ್ಲಿ ಹಗುರವಾಗಿ ಏಳೆಂಟು ಸಲ ಗೆರೆ ಎಳೆದು ಆಮೇಲೆ ಮಡಚಿ ಮುರೀಬೇಕು. ಗುಜರಿ ಅಂಗಡಿಗೆ ಹೋದ್ರೆ ಹಳೇ ಫ್ರಿಜ್ಜಿನ ಬಾಗಿಲಿನ ಒಳಗಿನ ಬಿಳೀ ಲೈನರ್ ತುಂಡು ಸಿಗುತ್ತೆ, ಅದು ಸಾಮಾನ್ಯವಾಗಿ ಹಿಪ್ಸ್ ಅನ್ನೋ, ಸುಲಭವಾಗಿ ಒಡೆಯದ ಪಾಲಿಸ್ಟೈರೀನ್ ಅಥವಾ ಎಬಿಎಸ್. ಅದು ಸಿಕ್ತು ಅಂದ್ರೆ ಬಿಡಬೇಡಿ, ಹೊರಗಿಂದ ಬರೋ ಶೀಟಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಮೈಸೂರಿಗೆ ಬಂದ್ರೆ ಆರ್ಕಿಟೆಕ್ಚರ್ ಓದೋ ಮಕ್ಕಳು ಮಾಡೆಲ್ ಸಾಮಾನು ತಗೊಳೋ ಸ್ಟೇಷನರಿ ಅಂಗಡಿಗಳಲ್ಲಿ ಎಬಿಎಸ್ ಕಡ್ಡಿ, ಸಣ್ಣ ಟ್ಯೂಬ್ ಕೇಳಿ ನೋಡಿ. ಬೋರ್ಡ್ ಬರೆಯೋರ ಹತ್ರ ಸನ್‌ಬೋರ್ಡ್ ಕಟಿಂಗ್ ಸಿಗುತ್ತೆ, ಆದ್ರೆ ಅದು ಪಿವಿಸಿ ಫೋಮು, ಅಂಚು ಕತ್ತರಿಸಿದ್ರೆ ತೂತು ತೂತು ಕಾಣುತ್ತೆ, ಒಳಗಿನ ಆಧಾರಕ್ಕೆ ಮಾತ್ರ ಇಟ್ಕೊಳಿ. ಅವರು ಅಕ್ರಿಲಿಕ್ ಅಂಟಿಸೋಕೆ ಕ್ಲೋರೋಫಾರ್ಮ್ ಬಳಸ್ತಾರೆ, ಅದನ್ನ ಮಾತ್ರ ಮನೆಗೆ ತರಬೇಡಿ, ಮುಚ್ಚಿದ ರೂಮಲ್ಲಿ ಅದರ ಹೊಗೆ ಕುಡಿಯೋದು ಅಪಾಯ.

ಎಲ್ಲಕ್ಕಿಂತ ಒಳ್ಳೇ ಸಾಮಾನು ಅಂದ್ರೆ ಕಿಟ್ಟಿನ ಜೊತೆ ಬಂದಿರೋ ಸ್ಪ್ರೂ, ಅಂದ್ರೆ ಭಾಗಗಳನ್ನ ಕಿತ್ಕೊಂಡ ಮೇಲೆ ಉಳಿಯೋ ಕಡ್ಡಿ ಚೌಕಟ್ಟು. ಎಲ್ಲರೂ ಬಿಸಾಕ್ತಾರೆ, ದಯವಿಟ್ಟು ಬಿಸಾಕಬೇಡಿ. ಅದೇ ಪ್ಲಾಸ್ಟಿಕ್ಕು, ಅದೇ ಸಿಮೆಂಟಿಗೆ ಬೆಸುಗೆ ಹಾಕಿದಷ್ಟು ಗಟ್ಟಿಯಾಗಿ ಕೂಡುತ್ತೆ. ಮೇಣದಬತ್ತಿ ಉರಿಯ ಮೇಲೆ, ಉರಿಗೆ ತಾಗಿಸದೆ, ತಿರುಗಿಸ್ತಾ ಹಿಡಿದ್ರೆ ಮೆತ್ತಗಾಗುತ್ತೆ, ಆಗ ಉರಿಯಿಂದ ಹೊರಗೆ ತಂದು ಎರಡೂ ಕಡೆ ಎಳೀರಿ. ಬೇಗ ಎಳೆದ್ರೆ ಕೂದಲಿನಷ್ಟು ಸಣ್ಣ ಎಳೆ, ನಿಧಾನ ಎಳೆದ್ರೆ ಪೈಪಿನಷ್ಟು ದಪ್ಪ. ಸ್ಪ್ರೂ ಚೂರುಗಳನ್ನ ಮಾಡೆಲ್ ಸಿಮೆಂಟಿನ ಹಳೇ ಬಾಟಲಲ್ಲಿ ನೆನೆ ಹಾಕಿದ್ರೆ ರಾತ್ರಿ ಕಳೆಯೋದ್ರೊಳಗೆ ಗಟ್ಟಿ ಪೇಸ್ಟ್ ಆಗುತ್ತೆ, ಸಂದು ತುಂಬೋಕೆ ಅದಕ್ಕಿಂತ ಒಳ್ಳೇ ಪುಟ್ಟಿ ಇಲ್ಲ. ಸಿಮೆಂಟ್ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡಿ, ಟಾಮಿಯಾ ಎಕ್ಸ್‌ಟ್ರಾ ಥಿನ್ ಥರದ ನೀರಾಗಿರೋ ಸಿಮೆಂಟ್ ಒಂದು ಬಾಟಲ್ ತಗೊಂಡ್ರೆ ತುಂಬ ದಿನ ಬರುತ್ತೆ. ಎರಡು ಭಾಗ ಒತ್ತಿ ಹಿಡಿದು ಸಂದಿಗೆ ಬ್ರಷ್ ತಾಗಿಸಿದ್ರೆ ತಾನೇ ಒಳಗೆ ಎಳ್ಕೊಳುತ್ತೆ. ನೇಲ್ ಪಾಲಿಶ್ ತೆಗೆಯೋ ಅಸಿಟೋನ್ ಹಾಕಬೇಡಿ, ಮೇಲ್ಮೈಯನ್ನ ತಿಂದು ಹಾಳು ಮಾಡುತ್ತೆ.

ಈಗ ಕಷ್ಟದ ಮಾತಿಗೆ ಬರೋಣ, ಕಸದ ಹಾಗೆ ಯಾಕೆ ಕಾಣುತ್ತೆ ಅಂತ.

ಮೊದಲು ಸ್ಕೇಲ್. ನಿಮ್ಮ ಹಡಗು 30 ಸೆಂ.ಮೀ., 144ರಿಂದ ಗುಣಿಸಿ, 43 ಮೀಟರ್ ಆಯ್ತು. ಅದರ ಪಕ್ಕ ನಿಲ್ಲೋ ಮನುಷ್ಯ ಸುಮಾರು 12 ಮಿ.ಮೀ. ಎತ್ತರ. ನೀವು ಅಂಟಿಸಿರೋ 4 ಸೆಂ.ಮೀ. ಪೆನ್ ಕ್ಯಾಪ್ ಕ್ಲಿಪ್ಪು ನಿಜವಾದ ಹಡಗಲ್ಲಿ 6 ಮೀಟರಿಗೆ ಹತ್ರ, ಅಂಥ ದೊಡ್ಡ ವಸ್ತುಗೆ ಒಂದು ಬೋಲ್ಟೂ ಇಲ್ಲ ಜಾಯಿಂಟೂ ಇಲ್ಲ ಅಂದ್ರೆ ಕಣ್ಣಿಗೆ ತಕ್ಷಣ ಪೆನ್ ಕ್ಯಾಪ್ ಅಂತ್ಲೇ ಗೊತ್ತಾಗುತ್ತೆ. ಮನುಷ್ಯ ಮುಟ್ಟೋ ವಸ್ತುಗಳನ್ನ ಮೊದಲು ಸರಿಯಾದ ಅಳತೇಲಿ ಮಾಡಿ, ಆಗ ಮಿಕ್ಕ ಹಡಗು ತಾನಾಗೇ ದೊಡ್ಡದಾಗಿ ಕಾಣುತ್ತೆ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅಮೆರಿಕದ ಕಡೆಯ ಹ್ಯಾಚ್, ಅಂದ್ರೆ ಓಡಾಡೋ ಬಾಗಿಲು, 1.27 ಮೀಟರ್ ಚೌಕ, ನಿಮ್ಮ ಸ್ಕೇಲಲ್ಲಿ 9 ಮಿ.ಮೀ.ಗೆ ಸ್ವಲ್ಪ ಕಮ್ಮಿ. ರಷ್ಯಾದ ಕಡೆದು ದುಂಡಗೆ 80 ಸೆಂ.ಮೀ., ಅಂದ್ರೆ ಐದೂವರೆ ಮಿ.ಮೀ. ಗಗನಯಾತ್ರಿಗಳು ಹೊರಗೆ ಹಿಡ್ಕೊಂಡು ಹೋಗೋ ಕೈಕಂಬಿ ಮೂರು ಸೆಂ.ಮೀ. ಆಸುಪಾಸು ದಪ್ಪ ಇದ್ರೆ ನಿಮಗೆ ಬೇಕಾಗಿರೋದು 0.2 ಮಿ.ಮೀ. ತಂತಿ. ಅದು ಎಲ್ಲಿ ಸಿಗುತ್ತೆ? ಕರೆಂಟಿನ ಫ್ಲೆಕ್ಸಿಬಲ್ ವೈರ್ ಸುಲಿದ್ರೆ ಒಳಗಿರೋ ತಾಮ್ರದ ಎಳೆ ಸಾಮಾನ್ಯವಾಗಿ ಅಷ್ಟೇ ದಪ್ಪ ಇರುತ್ತೆ. ಹ್ಯಾಚ್ ಪಕ್ಕ ಎರಡು ಕೈಕಂಬಿ ಬಗ್ಗಿಸಿ ಕೂರಿಸಿ, ಆಮೇಲೆ ಹಡಗನ್ನ ದೂರದಿಂದ ನೋಡಿ, ನಾನು ಹೇಳ್ತಿರೋದು ಆಗ ಗೊತ್ತಾಗುತ್ತೆ.

ಎರಡನೇದು, ಇದೇ ನನ್ನ ಮುಖ್ಯವಾದ ಮಾತು, ಪ್ರತಿ ಪೈಪೂ ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗಿ ಸೇರ್ಬೇಕು. ನೋಡೋರಿಗೆ ಅದರ ಕೆಲಸ ಏನು ಅಂತ ಗೊತ್ತಾಗದಿದ್ರೂ ಪರವಾಗಿಲ್ಲ, ಮಾಡಿದೋರಿಗೆ ಗೊತ್ತಿತ್ತು ಅನ್ನೋದು ಮಾತ್ರ ಗೊತ್ತಾಗ್ಬಿಡುತ್ತೆ. ಇದನ್ನ ಕಲಿಯೋಕೆ ನಿಮಗಿಂತ ಒಳ್ಳೇ ಜಾಗದಲ್ಲಿ ಇರೋರು ಯಾರೂ ಇಲ್ಲ ರೀ. ಮಂಡ್ಯದಲ್ಲೇ ಮೈಶುಗರ್ ಇದೆ, 1933ರಲ್ಲಿ ಶುರುವಾಗಿದ್ದು, ಸಕ್ಕರೆ ಕಾರ್ಖಾನೆ ಅಂದ್ರೆ ಪೂರ್ತಿ ಸ್ಟೀಮ್ ಪೈಪಿನ ಪ್ರಪಂಚ. ಬಿಸಿ ಪೈಪು ಉದ್ದಕ್ಕೆ ಹೋಗುವಾಗ ಮಧ್ಯೆ ಮಧ್ಯೆ ಯು ಆಕಾರದಲ್ಲಿ ಬಳಸಿ ಮತ್ತೆ ನೇರ ಆಗುತ್ತೆ, ಅದು ಅಲಂಕಾರಕ್ಕಲ್ಲ, ಕಾದಾಗ ಪೈಪು ಹಿಗ್ಗುತ್ತೆ, ಹಿಗ್ಗೋಕೆ ಜಾಗ ಬೇಕು. ಮಳವಳ್ಳಿ ಕಡೆ ಶಿವನಸಮುದ್ರಕ್ಕೆ ಹೋದ್ರೆ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಡೋಕೆ ಶುರು ಮಾಡಿದ ವಿದ್ಯುತ್ ಕೇಂದ್ರ, ಗುಡ್ಡದ ಇಳಿಜಾರಲ್ಲಿ ನೀರಿನ ದೊಡ್ಡ ಪೈಪುಗಳು ಸಾಲಾಗಿ ಇಳಿಯುತ್ತೆ. ಇಂಥ ಪೈಪುಗಳು ನೆಲದ ಮೇಲೆ ಹಾಗೇ ಬಿದ್ದಿರಲ್ಲ, ಕೆಳಗೆ ಆಸರೆ ಇರುತ್ತೆ, ತಿರುವು ಬಂದ ಕಡೆ ಹಿಡಿದಿಡೋಕೆ ಕಾಂಕ್ರೀಟ್ ದಿಮ್ಮಿ ಇರುತ್ತೆ, ಯಾಕಂದ್ರೆ ನೀರು ಒದೆಯೋದೇ ಅಲ್ಲಿ. ನಿಮ್ಮ ಹಡಗಿನ ಪೈಪಿಗೂ ಅದೇ ನಿಯಮ, ಒಂದೊಂದು ಸೆಂ.ಮೀ.ಗೆ ಒಂದು ಕ್ಲ್ಯಾಂಪು, ತಿರುವಿಗೆ ದಪ್ಪ ಕ್ಲ್ಯಾಂಪು.

ಮೈಸೂರಿಗೆ ರೈಲಲ್ಲಿ ಬಂದ್ರೆ ಸ್ಟೇಷನ್ ಹತ್ರಾನೇ, ಕೆಆರ್‌ಎಸ್ ರಸ್ತೇಲಿ, ರೈಲ್ವೆ ಮ್ಯೂಸಿಯಂ ಇದೆ, 1979ರದ್ದು. ಅಲ್ಲಿ ಒಂದು ಸ್ಟೀಮ್ ಇಂಜಿನ್ ಮುಂದೆ ನೋಟ್‌ಬುಕ್ ಇಟ್ಕೊಂಡು ಕೂತ್ಕೊಳಿ. ಸ್ಟೀಮ್ ಇಂಜಿನ್ನಿನಲ್ಲಿ ಮರಳಿನ ಡಬ್ಬಿ ಅಂತ ಇರುತ್ತೆ, ಅಲ್ಲಿಂದ ಸಣ್ಣ ಪೈಪು ಇಳಿದು ಬಂದು ಸರಿಯಾಗಿ ಚಕ್ರದ ಮುಂದೆ ಹಳಿಯ ಮೇಲೆ ಬಾಯಿ ತೆಗೆಯುತ್ತೆ, ಚಕ್ರ ಜಾರಿದಾಗ ಮರಳು ಬಿಡೋಕೆ. ಆ ಒಂದು ಪೈಪನ್ನ ಕಣ್ಣಲ್ಲಿ ಹಿಂಬಾಲಿಸಿ, ಎಲ್ಲಿ ಬಗ್ಗುತ್ತೆ, ಯಾವುದರ ಕೆಳಗೆ ನುಸುಳುತ್ತೆ, ಎಲ್ಲಿ ಬೋಲ್ಟ್ ಹಾಕಿ ಹಿಡಿದಿದ್ದಾರೆ, ಪೂರ್ತಿ ಬರ್ಕೊಳಿ. ಇಂಟರ್ನೆಟ್ಟಲ್ಲಿ ಬೇರೆಯವರ ಮಾಡೆಲ್ ನೋಡಿ ನಕಲು ಮಾಡಿದ್ರೆ ಈ ಬುದ್ಧಿ ಬರಲ್ಲ, ಅವರು ಮಾಡಿದ ತಪ್ಪೂ ನಿಮ್ಮ ಮಾಡೆಲ್‌ಗೆ ಬಂದ್ಬಿಡುತ್ತೆ.

ನಿಜವಾದ ಬಾಹ್ಯಾಕಾಶ ನೌಕೆಗಳಿಂದ ಎರಡು ವಿಷಯ ತಗೊಳಿ ಸಾಕು. ಒಂದು, ದಿಕ್ಕು ತಿರುಗಿಸೋ ಸಣ್ಣ ಥ್ರಸ್ಟರ್. ಚಂದ್ರನಿಗೆ ಹೋದ ಅಪೊಲೊ ನೌಕೆಯ ಸರ್ವಿಸ್ ಮಾಡ್ಯೂಲಿನಲ್ಲಿ, ಅಂದ್ರೆ ಇಂಜಿನ್ ಇದ್ದ ಹಿಂಭಾಗದಲ್ಲಿ, ನಾಲ್ಕು ಗುಂಪು, ಗುಂಪಿಗೆ ನಾಲ್ಕು, ಒಟ್ಟು 16 ಇತ್ತು, ಸುತ್ತಲೂ 90 ಡಿಗ್ರಿಗೆ ಒಂದು ಗುಂಪು. ನಿಮ್ಮದು ಉದ್ದನೆ ಹಡಗು, ಗುಂಪುಗಳನ್ನ ಮಧ್ಯದಲ್ಲಿ ಇಡಬೇಡಿ, ಮೂಗಿನ ಹತ್ರ ಬಾಲದ ಹತ್ರ ಇಡಿ, ದೂರದಿಂದ ತಳ್ಳಿದಷ್ಟೂ ತಿರುಗಿಸೋದು ಸುಲಭ. ಇಂಜೆಕ್ಷನ್ ಸೂಜಿ ಇದಕ್ಕೆ ಚೆನ್ನಾಗಿರುತ್ತೆ, 18 ಗೇಜ್ ಸೂಜಿ ಹೊರಗಿನ ಅಳತೆ 1.27 ಮಿ.ಮೀ., 24 ಗೇಜ್ 0.57. ಮೆಡಿಕಲ್ ಶಾಪಿಂದ ಹೊಸದೇ ತಗೊಳಿ, ಬಳಸಿದ್ದು ಬೇಡ್ವೇ ಬೇಡ, ಮೊದಲು ಚೂಪು ತುದಿಯನ್ನ ಅರದಲ್ಲಿ ಉಜ್ಜಿ ತೆಗೆದು ಆಮೇಲೆ ತುಂಡು ಮಾಡಿ. ಇನ್ನೊಂದು, ಶಾಖ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ಬಿಸಿ ಹೊರಗೆ ಹೋಗೋಕೆ ಇರೋ ದಾರಿ ವಿಕಿರಣ ಒಂದೇ, ಅದಕ್ಕೇ ನಿಲ್ದಾಣದ ಮೇಲೆ ಅಷ್ಟು ದೊಡ್ಡ ಬಿಳೀ ರೇಡಿಯೇಟರ್ ಹಲಗೆಗಳು ಇರೋದು. ರೇಡಿಯೇಟರ್ ಮೇಲೆ ಯಾರೂ ಪೈಪು ಪೆಟ್ಟಿಗೆ ಕೂರಿಸಲ್ಲ. ಅಂದ್ರೆ ನಿಮ್ಮ ಹಡಗಿನ ಮೈಮೇಲೆ ಬೋಳು ಜಾಗ ಇರಬೇಕು, ಅದಕ್ಕೆ ಕಾರಣ ಇದೆ. ನೀವು ಬೋಳು ಅಂತ ಬೇಜಾರು ಮಾಡ್ಕೊಂಡ ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಗೇ ಬಿಡಿ, ಡೀಟೇಲನ್ನ ಇಂಜಿನ್ ಹತ್ರ, ಬೇರೆ ನೌಕೆ ಬಂದು ಕೂಡೋ ಡಾಕಿಂಗ್ ಬಾಗಿಲ ಹತ್ರ, ಎರಡು ಭಾಗ ಕೂಡೋ ಸಂದಿಯಲ್ಲಿ ಒತ್ತೊತ್ತಾಗಿ ತುಂಬಿ. ಖಾಲಿ ಪಕ್ಕದಲ್ಲಿ ತುಂಬಿದ್ದು ಇದ್ರೇನೇ ಎರಡೂ ಕಾಣೋದು.

ಸಿನಿಮಾದಲ್ಲಿ ಹಾಗೇ ಮಾಡ್ತಾರಲ್ಲ, ಸಿಕ್ಕಿದ್ದೆಲ್ಲ ಅಂಟಿಸ್ತಾರಲ್ಲ ಅಂತ ಕೇಳ್ತೀರ. ನಿಜ, 1977ರ ಸ್ಟಾರ್ ವಾರ್ಸ್‌ಗೆ ಮಾಡೆಲ್ ಮಾಡಿದೋರು ಟ್ಯಾಂಕ್, ಯುದ್ಧದ ಹಡಗಿನ ಕಿಟ್‌ಗಳನ್ನ ರಾಶಿ ರಾಶಿ ತಂದು ಬಿಡಿಭಾಗ ಕಿತ್ತು ಅಂಟಿಸಿದ್ರು. ಆದ್ರೆ ಅವು ಕ್ಯಾಮೆರಾ ಮುಂದೆ ಕೆಲವು ಸೆಕೆಂಡ್ ಹಾದು ಹೋಗೋ ಮಾಡೆಲ್‌ಗಳು, ನಿಮ್ಮದನ್ನ ಶೋಕೇಸಲ್ಲಿ ಜನ ಹತ್ತಿರ ಬಂದು ನಿಂತು ನೋಡ್ತಾರೆ. ಮೇಲಾಗಿ ಅವರು ತಗೊಂಡಿದ್ದು ಕಿಟ್ ಭಾಗ, ಅದರಲ್ಲಿ ಆಗಲೇ ಬೋಲ್ಟು, ಗೆರೆ, ಅಂಚು ಎಲ್ಲ ಸಣ್ಣ ಅಳತೇಲಿ ಇರುತ್ತೆ. ಅಕ್ಕಪಕ್ಕದ ಮಕ್ಕಳು ಜೋಡಿಸದೆ ಬಿಟ್ಟಿರೋ ಟ್ಯಾಂಕ್ ಕಿಟ್ ಸಿಕ್ಕಿದ್ರೆ ಖಂಡಿತ ಬಳಸಿ, ಆದ್ರೆ ಯಾರು ನೋಡಿದ್ರೂ ಇದು ಟ್ಯಾಂಕ್ ಚಕ್ರ ಅನ್ನೋ ಹಾಗಿರೋ ಭಾಗವನ್ನ ಅರ್ಧ ಕತ್ತರಿಸಿ, ಇಲ್ಲಾ ಬೇರೆ ಪೆಟ್ಟಿಗೆ ಕೆಳಗೆ ಸ್ವಲ್ಪ ಹೂತು ಹಾಕಿ. ಮೊಬೈಲ್ ಬೋರ್ಡ್ ಚೂರು ಮಾತ್ರ ತೆಗೆದ್ಬಿಡಿ. ಈಗಿನ ಕಾಲದಲ್ಲಿ ಎಲ್ಲರ ಕಣ್ಣಿಗೂ ಅದು ಸರ್ಕ್ಯೂಟ್ ಅಂತ ಗೊತ್ತು, ಅದೂ ಅಲ್ದೆ ಆ ಬೋರ್ಡಿನೊಳಗೆ ಗಾಜಿನ ನಾರು ಇರುತ್ತೆ, ಉಜ್ಜಿದ್ರೆ ಬರೋ ಪುಡಿ ಉಸಿರಿಗೆ ಒಳ್ಳೇದಲ್ಲ.

ಕೆಲಸದ ಕ್ರಮಕ್ಕೆ ಬಂದ್ರೆ, ಪೆನ್ಸಿಲಿಂದ ಹಡಗಿನ ಮೈಮೇಲೇ ಬರೀರಿ. ಟ್ಯಾಂಕ್ ಇಲ್ಲಿ, ಪಂಪ್ ಇಲ್ಲಿ, ಇಂಜಿನ್ ಅಲ್ಲಿ, ಮಧ್ಯೆ ಪೈಪಿನ ದಾರಿ. ಆಮೇಲೆ ಪದರ ಪದರವಾಗಿ ಹೋಗಿ. ಮೊದಲ ಪದರ ತೆಳು ಪ್ಯಾನೆಲ್. ಇದಕ್ಕೆ 80 ಜಿಎಸ್‌ಎಂ ಜೆರಾಕ್ಸ್ ಹಾಳೆ ಚೆನ್ನಾಗಿ ಬರುತ್ತೆ, ಸುಮಾರು 0.1 ಮಿ.ಮೀ. ದಪ್ಪ, ನಿಮ್ಮ ಸ್ಕೇಲಲ್ಲಿ 14 ಮಿ.ಮೀ. ತಗಡಾಯ್ತು, ನಂಬೋ ಹಾಗಿದೆ. ಕತ್ತರಿಸಿ ಅಂಟಿಸಿ ಮೇಲೆ ನೀರಾದ ಫೆವಿಕ್ವಿಕ್ ಕುಡಿಸಿದ್ರೆ ಪ್ಲಾಸ್ಟಿಕ್ ಥರ ಗಟ್ಟಿಯಾಗುತ್ತೆ, ವಾಟರ್ ಪೇಪರಲ್ಲಿ ನಯ ಮಾಡ್ಬಹುದು. ಎಸಿ ರಿಪೇರಿಯೋರು ಡಕ್ಟಿಗೆ ಸುತ್ತೋ ಅಲ್ಯೂಮಿನಿಯಂ ಟೇಪ್ ಇನ್ನೂ ಸುಲಭ, ಗಮ್ಮೇ ಬೇಡ, ಹಿಂದಿನಿಂದ ಬಾಲ್‌ಪೆನ್ನಲ್ಲಿ ಸಾಲಾಗಿ ಚುಕ್ಕಿ ಒತ್ತಿದ್ರೆ ಮುಂದೆ ರಿವೆಟ್ ಏಳುತ್ತೆ. ಗೆರೆ ಕೊರೆಯೋದಾದ್ರೆ ಕಟ್ಟರ್ ಬ್ಲೇಡಿನ ಬೆನ್ನು ಬಳಸಿ, ಮೊನೆಯಲ್ಲಿ ಕೊರೆದ್ರೆ ಎರಡೂ ಕಡೆ ದಡ ಏಳುತ್ತೆ. ದಪ್ಪ ಟೇಪನ್ನ ಎರಡು ಮೂರು ಪದರ ಒತ್ತಿ ಅದೇ ಸ್ಕೇಲ್ ಅಂದ್ಕೊಂಡು, ಭಾರ ಹಾಕ್ದೆ, ಬರೀ ಬ್ಲೇಡಿನ ತೂಕದಲ್ಲಿ ಎಳೀರಿ. 0.2 ಮಿ.ಮೀ. ಗೆರೆ ಅಂದ್ರೆ ನಿಜದಲ್ಲಿ ಸುಮಾರು 3 ಸೆಂ.ಮೀ. ಸಂದು, ಅದಕ್ಕಿಂತ ಅಗಲ ಆದ್ರೆ ಹಡಗು ಚಿಕ್ಕದಾಗಿ ಆಟದ ಸಾಮಾನಾಗುತ್ತೆ.

ಎರಡನೇ ಪದರ ಪೆಟ್ಟಿಗೆಗಳು, ಲೈನರ್ ಶೀಟಲ್ಲಿ. ಬರೀ ಚೌಕ ಮಾಡಬೇಡಿ, ಒಂದು ಮೂಲೆ ಓರೆ ಕತ್ತರಿಸಿ, ಮೇಲೊಂದು ಚಿಕ್ಕ ಪೆಟ್ಟಿಗೆ ಕೂರಿಸಿ. ಮೂರನೇದು ಪೈಪು, ಎಳೆದ ಸ್ಪ್ರೂ ಅಥವಾ ತಾಮ್ರದ ತಂತಿ. ತಂತೀನ ಸೂಜಿ ಸುತ್ತ, ಕಡ್ಡಿ ಸುತ್ತ ಬಗ್ಗಿಸಿದ್ರೆ ಎಲ್ಲಾ ತಿರುವೂ ಒಂದೇ ಅಳತೆ ಬರುತ್ತೆ, ಬೆರಳಲ್ಲಿ ಬಗ್ಗಿಸಿದ್ರೆ ಪೈಪ್ ಥರ ಕಾಣಲ್ಲ, ದಾರ ಬಿದ್ದ ಹಾಗಿರುತ್ತೆ. ತುದಿಗೆ ತೂತು ಕೊರೆದು ಒಳಗೆ ಇಳಿಸಿ, ಮೇಲ್ಮೈಗೆ ಸುಮ್ನೆ ತಾಗಿಸಿ ನಿಲ್ಲಿಸಬೇಡಿ, ಇದೊಂದನ್ನ ತಪ್ಪಿಸಬೇಡಿ.

ಒಂದೇ ಭಾಗ ಹತ್ತಾರು ಬೇಕಾದ್ರೆ ಒಂದನ್ನ ಮನಸ್ಸಿಟ್ಟು ಮಾಡಿ, ಬಾತ್‌ರೂಮಿಗೆ ಹಾಕೋ ಸಿಲಿಕೋನ್ ಸೀಲೆಂಟಿಗೆ ಕಾರ್ನ್‌ಫ್ಲೋರ್ ಕಲಸಿದ್ರೆ ಬೇಗ ಗಟ್ಟಿಯಾಗುತ್ತೆ, ಅದರಲ್ಲಿ ಅಚ್ಚು ತೆಗೀರಿ, ಕೈಗೆ ಗ್ಲೌಸ್ ಇರ್ಲಿ, ಕಿಟಕಿ ತೆಗೆದಿರ್ಲಿ. ಅಚ್ಚಿಗೆ ಸ್ವಲ್ಪ ಟಾಲ್ಕಂ ಪೌಡರ್ ಸವರಿ ಎಂ-ಸೀಲ್ ಒತ್ತಿದ್ರೆ ಮಾರನೇ ದಿನ ಗಟ್ಟಿ ಪ್ರತಿ ಕೈಗೆ ಬರುತ್ತೆ. ತುಂಬ ಸಣ್ಣ ಡೀಟೇಲ್ ಇದರಲ್ಲಿ ಬರಲ್ಲ, ಪೆಟ್ಟಿಗೆ ಥ್ರಸ್ಟರ್ ಬುಡ ಇಂಥದ್ದಕ್ಕೆ ಸಾಕು.

ಎಲ್ಲ ಕೂರಿಸಿದ ಮೇಲೆ ತಾಮ್ರ, ಕಾಗದ, ಬಿಳೀ ಪ್ಲಾಸ್ಟಿಕ್, ಸೂಜಿ ಎಲ್ಲ ಬಣ್ಣ ಬಣ್ಣವಾಗಿ ಕಂಡು ಗಾಬರಿ ಆಗುತ್ತೆ, ಆಗಬೇಡಿ. ಬೂದು ಪ್ರೈಮರ್ ಒಂದು ಕೋಟ್ ಬಿದ್ದ ತಕ್ಷಣ ಎಲ್ಲ ಒಂದೇ ವಸ್ತು ಆಗ್ಬಿಡುತ್ತೆ, ಎಲ್ಲಿ ಗಮ್ಮು ಜಾಸ್ತಿಯಾಗಿದೆ, ಎಲ್ಲಿ ಸಂದು ಉಳಿದಿದೆ ಅನ್ನೋದೂ ಆಗಲೇ ಕಾಣೋದು. ಗ್ಯಾರೇಜಿನ ಸ್ಪ್ರೇ ಬಳಸಿದ್ರೆ ದೂರದಿಂದ, ತೆಳ್ಳಗೆ, ಸ್ವಲ್ಪ ಸ್ವಲ್ಪ ಹೊಡೀರಿ, ಒದ್ದೆಯಾಗೋ ಹಾಗೆ ಹೊಡೆದ್ರೆ ಅದರ ಥಿನ್ನರ್ ಪ್ಲಾಸ್ಟಿಕ್ ತಿನ್ನುತ್ತೆ. ಪೆನ್ ಕ್ಯಾಪ್ ಒಂದಾದ್ರೂ ಉಳಿಸ್ಕೊಳ್ಳಲೇಬೇಕು ಅಂತಿದ್ರೆ ಕಾರ್ ಬಂಪರಿಗೆ ಹೊಡೆಯೋ ಪ್ಲಾಸ್ಟಿಕ್ ಪ್ರೈಮರ್ ಮೊದಲು ಹೊಡೀರಿ. ಜೋರು ಮಳೆ ದಿನ ಸ್ಪ್ರೇ ಬೇಡ, ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಪೇಂಟ್ ಬೆಳ್ಳಗೆ ಮಂಕಾಗುತ್ತೆ. ಫೆವಿಕ್ವಿಕ್ಕೂ ಅಷ್ಟೆ, ತೇವ ಜಾಸ್ತಿ ಇದ್ರೆ ಸುತ್ತ ಬಿಳೀ ಮಬ್ಬು ಕಟ್ಟುತ್ತೆ, ಹಡಗಿನ ಕಿಟಕಿಗಳ ಹತ್ರ ಅದನ್ನ ಬಳಸಬೇಡಿ.

ಈಗಾಗಲೇ ಅಂಟಿಸಿರೋದನ್ನ ತೆಗೆಯೋದು ಹೇಗೆ ಅಂದ್ರೆ, ಮಾಡೆಲನ್ನ ಕವರಲ್ಲಿ ಸುತ್ತಿ ರಾತ್ರಿ ಫ್ರೀಜರಲ್ಲಿಡಿ. 30 ಸೆಂ.ಮೀ. ಇದೆ, ಹಿಡಿಯದಿದ್ರೆ ಬಿಚ್ಚೋಕಾಗೋ ಭಾಗ ಬಿಚ್ಚಿ ಇಡಿ. ತಣ್ಣಗಾದ್ರೆ ಫೆವಿಕ್ವಿಕ್ ಪೆಡಸಾಗುತ್ತೆ, ಬೆಳಿಗ್ಗೆ ತೆಗೆದ ತಕ್ಷಣ ಮೊಂಡು ಚಾಕುವಿನ ಬೆನ್ನಲ್ಲಿ ಪಕ್ಕದಿಂದ ತಳ್ಳಿದ್ರೆ ಬಹುಪಾಲು ಬಂದ್ಬಿಡುತ್ತೆ. ಉಳಿದ ಕಲೆನ 400 ನಂಬರ್ ವಾಟರ್ ಪೇಪರಲ್ಲಿ ನೀರು ಹಾಕಿ ಉಜ್ಜಿ, ಆಮೇಲೆ 800. ಗುಳಿ ಬಿದ್ದ ಕಡೆ ಸ್ಪ್ರೂ ಪೇಸ್ಟ್ ತುಂಬಿ ಎರಡು ದಿನ ಒಣಗೋಕೆ ಬಿಡಿ, ಅವಸರ ಮಾಡಿ ಉಜ್ಜಿದ್ರೆ ಮತ್ತೆ ಗುಳಿ ಬೀಳುತ್ತೆ. ಒಳಗೆ ಎಲ್‌ಇಡಿ ಹಾಕೋ ಆಸೆ ಇದ್ರೆ ಹಡಗಿನ ಎರಡು ಹೋಳು ಇನ್ನೂ ಮುಚ್ಚದಿರುವಾಗಲೇ ಮಾಡ್ಬೇಕು, 9 ವೋಲ್ಟ್ ಬ್ಯಾಟರಿಗೆ ಒಂದು ಬಿಳೀ ಎಲ್‌ಇಡಿ ಅಂದ್ರೆ 330 ಓಮ್ ರೆಸಿಸ್ಟರ್ ಸರಿಹೋಗುತ್ತೆ, ಒಳಗೋಡೆಗೆ ಮೊದಲು ಕಪ್ಪು ಪೇಂಟ್ ಹೊಡೀರಿ, ಇಲ್ದಿದ್ರೆ ಬಿಳೀ ಪ್ಲಾಸ್ಟಿಕ್ ಮೈಯೆಲ್ಲ ಬೆಳಗುತ್ತೆ. ನಿಮ್ಮದು ಆಗಲೇ ಮುಚ್ಚಿ ಸಿಮೆಂಟ್ ಹಾಕಿಯಾಗಿದ್ರೆ ಈ ಹಡಗಿಗೆ ಲೈಟ್ ಬೇಡ, ಬಿಚ್ಚೋಕೆ ಹೋಗಿ ಸೀಳಬೇಡಿ, ಕಿಟಕಿಗಳಿಗೆ ಹೊಳಪಿರೋ ಕಪ್ಪು ಪೇಂಟ್ ತುಂಬಿ.